ಅಂಗಸಾಧನೆಯಲ್ಲಿ ಶಾಸ್ತ್ರಪರೀಕ್ಷೆಯೂ ಆಚಾರ್ಯಪರೀಕ್ಷೆಯೂ

ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದ ಮೊದಲಲ್ಲಿ, ವೈದ್ಯವಿದ್ಯೆಯನ್ನು ಕಲಿಯಬಯಸುವವನು ಮೊದಲು ಶಾಸ್ತ್ರವನ್ನು ಪರೀಕ್ಷಿಸಿ, ಅನಂತರ ಅದನ್ನು ಬೋಧಿಸುವ ಆಚಾರ್ಯನನ್ನು ಪರೀಕ್ಷಿಸತಕ್ಕುದೆಂದು ವಿಧಿಸಿದೆ. ವೈದ್ಯರ ಶಾಸ್ತ್ರಗಳು ಲೋಕದಲ್ಲಿ ಹಲವು ಬಗೆಯಾಗಿ ಪ್ರಚಾರದಲ್ಲಿರುವುದರಿಂದಲೇ ಈ ಪರೀಕ್ಷೆಯು ಆವಶ್ಯಕವೆಂಬುದು ಸಂಹಿತಾಕಾರನ ಅಭಿಪ್ರಾಯ. ಇಲ್ಲಿ ಪರೀಕ್ಷಕನು ಗುರುವಲ್ಲ, ಕಲಿಯಬಂದವನು. ಶಾಸ್ತ್ರವು ಆರ್ಷವಾಗಿರಬೇಕು, ಪ್ರಾಜ್ಞರಿಂದ ಸೇವಿತವಾಗಿರಬೇಕು, ಪುನರುಕ್ತಿದೋಷವಿಲ್ಲದಿರಬೇಕು, ಅದರ ಕ್ರಮವು ಚೆನ್ನಾಗಿ ಏರ್ಪಟ್ಟಿರಬೇಕು. ಆಚಾರ್ಯನಾದರೋ ತಿಳಿವಳಿಕೆಯಲ್ಲಿ ನಿರ್ಮಲನೂ, ಕರ್ಮವನ್ನು ಕಣ್ಣಾರೆ ಕಂಡವನೂ, ಕೈ ಪಳಗಿದವನೂ, ಉಪಕರಣವುಳ್ಳವನೂ, ಎದುರಿಗಿರುವವನ ಪ್ರಕೃತಿಯನ್ನು ಅರಿಯಬಲ್ಲವನೂ, ಅಹಂಕಾರ ಅಸೂಯೆ ಕೋಪಗಳಿಲ್ಲದವನೂ, ಶಿಷ್ಯವತ್ಸಲನೂ, ತಿಳಿಯಹೇಳುವುದರಲ್ಲಿ ಸಮರ್ಥನೂ ಆಗಿರಬೇಕು. ಈ ಎರಡನೆಯ ಪಟ್ಟಿಯಲ್ಲಿ ಆಚಾರ್ಯನು ಯಾರ ಶಿಷ್ಯನೆಂಬ ಪ್ರಶ್ನೆಯೇ ಇಲ್ಲವೆಂಬುದು ವಿಚಾರಶೀಲರ ಗಮನಕ್ಕೆ ಬಾರದೆ ಇರದು. ಪ್ರಾಚೀನತೆಯ ವಿಚಾರವು ಶಾಸ್ತ್ರದ ಪರೀಕ್ಷೆಗೆ ಸೇರಿದುದು. ಬೋಧಕನ ಪರೀಕ್ಷೆಗೆ ಸೇರಿದುದಲ್ಲ.

ಈ ವಿವೇಚನೆಯು ವೈದ್ಯಕ್ಕೆ ಮಾತ್ರವೇ ಸಲ್ಲತಕ್ಕುದಲ್ಲ. ಪರಿಚಯವಿಲ್ಲದ ಅಂಗಸಾಧನೆಯ ಪದ್ಧತಿಯೊಂದು ಊರಿಗೆ ಬಂದಾಗ, ಅದನ್ನು ಕಲಿಸುವವನು ನಂಬತಕ್ಕವನೇ ಅಲ್ಲವೇ ಎಂದು ನಿರ್ಣಯಿಸಬೇಕಾದವರಿಗೆ ಇದಕ್ಕಿಂತ ಉತ್ತಮವಾದ ಸೂತ್ರವು ದೊರೆಯಲಾರದು. ಅಂಥ ಪದ್ಧತಿಗಳು ಬೆಂಗಳೂರಿನಲ್ಲಿ 19ನೆಯ ಶತಮಾನದ ಕಡೆಯಿಂದ ಮುಂದಿನ ಐವತ್ತು ವರ್ಷಗಳಲ್ಲಿ ಒಂದರ ಮೇಲೊಂದು ತಲೆಯೆತ್ತಿದುವು. ಮೈಸೂರಿನಲ್ಲಿ ಅರಮನೆಯ ಆಶ್ರಯದಿಂದ ಬೆಳೆದ ಇನ್ನೊಂದು ಪದ್ಧತಿಯು ಇಂದು ಲೋಕದ ಎಲ್ಲ ಖಂಡಗಳಲ್ಲಿಯೂ ಹರಡಿದೆ. ಈಚಿನ ವಿದ್ವಾಂಸರ ಚರ್ಚೆಯು ಹೆಚ್ಚಾಗಿ ಈ ಪದ್ಧತಿಯು ಪ್ರಾಚೀನವೋ ನವೀನವೋ ಎಂಬ ಒಂದೇ ಪ್ರಶ್ನೆಯನ್ನು ಸುತ್ತುತ್ತಿದ್ದು, ಅದರ ಉತ್ತರದ ಮೇಲೆ ಆಚಾರ್ಯರ ಯೋಗ್ಯತೆಯನ್ನೂ ಅಳೆದುಬಿಡುವಂತೆ ತೋರುತ್ತದೆ. ಪ್ರಾಚೀನವಾದುದರಿಂದ ಸಾಧುವೆಂದು ಒಂದು ಪಕ್ಷ. ಪ್ರಾಚೀನವಲ್ಲದುದರಿಂದ ಆಚಾರ್ಯರ ಮಾತು ವಂಚನೆಯೆಂದು ಇನ್ನೊಂದು ಪಕ್ಷ. ಚರಕನು ಬೇರ್ಪಡಿಸಿದ ಎರಡು ಪರೀಕ್ಷೆಗಳನ್ನು ಈ ಎರಡು ಪಕ್ಷಗಳೂ ಕೂಡಿಸಿ ಕೆಡಿಸಿವೆ. ಕನ್ನಡದಲ್ಲಿಯೇ ಹುಟ್ಟಿದ ಮೂಲಸಾಮಗ್ರಿಯನ್ನು ಎದುರಿಗಿಟ್ಟುಕೊಂಡು ಇವನ್ನು ಮತ್ತೆ ಬಿಡಿಸಿ ನೋಡುವುದು ಯುಕ್ತವಾಗಿದೆ.

ಕನ್ನಡನಾಡಿನಲ್ಲಿ ಅಂಗಸಾಧನೆಯ ಶಾಸ್ತ್ರವು ಹೊಸದೇನೂ ಅಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವುಂಟು. ಜಟ್ಟಿಗಳ ಆಹಾರ, ವಿಭಾಗ, ಸಾಧನೆ ಇವುಗಳೆಲ್ಲ ಅಲ್ಲಿ ನಿರೂಪಿತವಾಗಿವೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಬಾಹುಪೆಲ್ಲಣಶ್ರಮ, ಸ್ತಂಭಶ್ರಮ ಎಂದು ಸಾಧನೆಗಳಿಗೆ ಹೆಸರಿಟ್ಟಿರುವುದನ್ನು ನೋಡಿದರೆ, ಭಾರವೆತ್ತುವುದು, ನಡೆಯುವುದು, ಈಜುವುದು, ತೋಳು ಸೆಣಸುವುದು, ಕಂಬದ ಮೇಲಿನ ಸಾಧನೆ ಇವನ್ನು ಒಂದು ಕ್ರಮಕ್ಕೆ ತಂದ ಶಾಸ್ತ್ರಬುದ್ಧಿಯು ಆಗಲೇ ಇದ್ದಿತೆಂಬುದು ಸ್ಪಷ್ಟವಾಗುತ್ತದೆ. ಈ ಸಾಧನೆಯು ಜಟ್ಟಿಗಳ ಮನೆತನಗಳಲ್ಲಿ, ಗರಡಿಗಳಲ್ಲಿ, ದಂಡೆ ಬಸ್ಕಿಗಳ ರೂಪದಲ್ಲಿ ಮುಂದುವರಿಯಿತು.

ಮುಮ್ಮಡಿ ಕೃಷ್ಣರಾಜ ಒಡೆಯರವರ (1794–1868) ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯೆಂಬ ಸಚಿತ್ರ ಮಹಾಕೋಶದಲ್ಲಿ 122 ಆಸನಗಳ ಚಿತ್ರಗಳೂ ಲಕ್ಷಣಗಳೂ ಇವೆ. ಹಠಪ್ರದೀಪಿಕೆಯಲ್ಲಿ ವರ್ಣಿತವಾದ ಆಸನಗಳು ಸುಮಾರು ಹದಿನೈದು. ಅವುಗಳೊಡನೆ ಈ ಸಂಖ್ಯೆಯನ್ನು ಹೋಲಿಸಿದರೆ ಮಧ್ಯಕಾಲದಲ್ಲಿ ಎಷ್ಟೊಂದು ಬೆಳೆವಣಿಗೆ ನಡೆದಿರಬೇಕೆಂದು ಊಹಿಸಬಹುದು. ಶ್ರೀತತ್ತ್ವನಿಧಿಯ ಆಸನಗಳಲ್ಲಿ ಹಗ್ಗವನ್ನು ಹಿಡಿದು ಮಾಡತಕ್ಕವೂ ಇವೆ. ಆಸನವೆಂದರೆ ಕದಲದೆ ಕುಳಿತುಕೊಳ್ಳುವ ಭಂಗಿಯೆಂದೇ ತಿಳಿದವರಿಗೆ ಇದು ಆಶ್ಚರ್ಯವನ್ನುಂಟುಮಾಡತಕ್ಕ ಸಂಗತಿ.

ಇನ್ನು ಬೆಂಗಳೂರು. 1896ರಲ್ಲಿ ಇಲ್ಲಿಯ ಕ್ಯಾಕ್ಸ್‌ಟನ್ ಮುದ್ರಣಾಲಯದಿಂದ ಎಸ್. ಭಾರದ್ವಾಜರ ವ್ಯಾಯಾಮದೀಪಿಕೆಯು ಹೊರಬಂದಿತು. ಭಾರತೀಯ ಕ್ರಮದ ಅಂಗಸಾಧನೆಯನ್ನು ನಿರೂಪಿಸುವುದೇ ಇದರ ಉದ್ದೇಶ. ಗರಡಿಯ ವಿದ್ಯೆಯು ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ಬರುತ್ತಿದ್ದುದು ಹೋಗಿ, ಅಚ್ಚಿನ ಪುಸ್ತಕವಾಗಿ ಯಾರ ಕೈಗಾದರೂ ಸಿಕ್ಕುವಂತಾದುದು ಸಣ್ಣ ವಿಷಯವಲ್ಲ. ಎರಡೇ ವರ್ಷಗಳ ಮೇಲೆ, 1898ರಲ್ಲಿ, ನಗರಕ್ಕೆ ಪ್ಲೇಗು ತಗುಲಿತು. ಆ ಮಾರಿಯ ತರುವಾಯ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಬೆಳೆದುವು. ಚಾಮರಾಜಪೇಟೆಯು ಅದಕ್ಕೆ ಸ್ವಲ್ಪ ಮೊದಲೇ ಏರ್ಪಟ್ಟಿದ್ದಿತು. ಈ ಬಡಾವಣೆಗಳಲ್ಲಿ ನೆಲೆಸಿದ ವಕೀಲರು, ಗುಮಾಸ್ತರು, ಉಪಾಧ್ಯಾಯರು ಕುಳಿತು ಕೆಲಸ ಮಾಡುವ ಜನ. ಪೇಟೆಯ ಗರಡಿಯ ಮಣ್ಣಿಗಿಳಿಯಲು ಸಂಕೋಚವಿದ್ದ ಇಂಥವರಿಗೆ ಮನೆಯಲ್ಲಿಯೇ ಮಾಡಬಹುದಾದ, ಪುಸ್ತಕದಿಂದ ಕಲಿಯಬಹುದಾದ ವ್ಯಾಯಾಮವೊಂದು ಬೇಕಾಗಿದ್ದಿತೆಂದು ಭಾವಿಸುವುದು ತಪ್ಪಾಗಲಾರದು. ಇದೇ ಕಾಲಕ್ಕೆ ಯೂರೋಪಿನ ಮಲ್ಲನಾದ ಸ್ಯಾಂಡೋ ಎಂಬವನು ಭಾರತದಲ್ಲಿ ಸಂಚರಿಸಿ ತನ್ನ ಮಾಂಸಪೇಶಿಗಳನ್ನು ಪ್ರದರ್ಶಿಸಿದನು. 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ವ್ಯಾಯಾಮಶಿಕ್ಷಣದ ಕಲಾಶಾಲೆ ಆರಂಭವಾಯಿತು. 1924ರಲ್ಲಿ ಲೋನಾವಳದಲ್ಲಿ ಸ್ವಾಮಿ ಕುವಲಯಾನಂದರು ಕೈವಲ್ಯಧಾಮವನ್ನು ಸ್ಥಾಪಿಸಿ ಆಸನಗಳ ಪರಿಣಾಮವನ್ನು ಯಂತ್ರಗಳಿಂದ ಅಳೆಯತೊಡಗಿದರು.

ಈ ವಾತಾವರಣದಲ್ಲಿ ಬೆಂಗಳೂರಿನವರ ಕಣ್ಣೆದುರಿಗೆ ಕಾಣಿಸಿಕೊಂಡವರು ಕೋಲಾರದ ಕಡೆಯವರಾದ ಕೆ. ವಿ. ಅಯ್ಯರವರೂ, ವಕೀಲರಾದ ಎಸ್. ಸುಂದರಂ ಅವರೂ. ಸಾಹಿತ್ಯಾಭ್ಯಾಸಿಗಳಿಗೆ ಅಯ್ಯರವರನ್ನು ಪರಿಚಯಮಾಡಿಕೊಡುವ ಅಗತ್ಯವಿಲ್ಲ. ಶಾಂತಲಾ, ರೂಪದರ್ಶಿ ಎಂಬ ಕಾದಂಬರಿಗಳ ಕರ್ತೃಗಳು ಅವರು; ಕೈಲಾಸಂ ಅವರ ಒಡನಾಡಿಗಳು; ಆ ಒಡನಾಟವನ್ನು ಕೈಲಾಸಂ ಸ್ಮರಣೆಯಲ್ಲಿ ದಾಖಲಿಸಿದವರು; ರವಿಕಲಾವಿದರು ಎಂಬ ನಾಟಕಸಂಘವನ್ನು ಕಟ್ಟಿದವರು. ಆದರೆ ಅವರ ಜೀವಿಕೆಯೂ ಖ್ಯಾತಿಯೂ ಮೊದಲು ನಿಂತುದು ವ್ಯಾಯಾಮದ ಮೇಲೆ. ಇಂದು ಜಯಚಾಮರಾಜೇಂದ್ರ ರಸ್ತೆಯೆಂದು ಕರೆಯುವ ಬೀದಿಯಲ್ಲಿ ಅವರ ವ್ಯಾಯಾಮಶಾಲೆಯು ಬಹುಕಾಲ ನಡೆಯಿತು. 1930ರಲ್ಲಿ ಅವರು ಪ್ರಕಟಿಸಿದ ಮಸಲ್ ಕಲ್ಟ್ ಎಂಬ ಇಂಗ್ಲಿಷ್ ಪುಸ್ತಕವು ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಹೆಸರಿನಲ್ಲಿ ಬಂದಿತು. ಅಂಚೆಯ ಮೂಲಕ ಪಾಠ ಹೇಳುವ ಏರ್ಪಾಡೂ ಆ ಶಾಲೆಗಿದ್ದಿತು. 1936ರಲ್ಲಿ ಪರ್ಫೆಕ್ಟ್ ಫಿಸೀಕ್, 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತ ಪುಸ್ತಕ, ಇವು ಅನಂತರದವು. ಸುಂದರಂ ಅವರ ಯೋಗಿಕ್ ಫಿಸಿಕಲ್ ಕಲ್ಚರ್ 1928ರಲ್ಲಿಯೇ ಬೆಂಗಳೂರಿನಿಂದ ಹೊರಟು, ಛಾಯಾಚಿತ್ರಗಳ ಸಹಾಯದಿಂದ ಓದುಗನು ತಾನೇ ಆಸನಗಳನ್ನು ಕಲಿಯುವಂತೆ ಮಾಡಿದ ಮೊದಮೊದಲ ಪುಸ್ತಕಗಳಲ್ಲಿ ಒಂದಾಯಿತು. ಇವರಿಬ್ಬರೂ ಜೊತೆಯಾಗಿ ಊರೂರಿಗೆ ಹೋಗಿ, ಒಬ್ಬರು ಆಸನಗಳನ್ನೂ ಇನ್ನೊಬ್ಬರು ಮಾಂಸಪೇಶಿಗಳ ಮೇಲಿನ ಹತೋಟಿಯನ್ನೂ ಪ್ರದರ್ಶಿಸುತ್ತಿದ್ದುದುಂಟು.

ಅಯ್ಯರವರ ಪದ್ಧತಿಯು ಮಿಶ್ರವಾದುದು. ಅದು ಮಿಶ್ರವೆಂಬುದನ್ನು ಅವರು ಎಂದೂ ಮರೆಮಾಚಲಿಲ್ಲ. ಪಾಶ್ಚಾತ್ಯರ ಗುಂಡು, ಸರಳು, ಉಕ್ಕಿನ ಸುರುಳಿಗಳನ್ನು ಬಳಸಿದುದನ್ನು ಒಪ್ಪಿಕೊಂಡು, ಅವೆಲ್ಲಕ್ಕಿಂತ ಹಠಯೋಗವೇ ತಮ್ಮನ್ನು ಹೆಚ್ಚಾಗಿ ರೂಪಿಸಿತೆಂದು 1930ರ ಪುಸ್ತಕದಲ್ಲಿ ಬರೆದಿದ್ದಾರೆ. ತಮ್ಮ ಮೈಕಟ್ಟಿನ ವಿಷಯದಲ್ಲಿ ಅವರ ಮಾತು ವಿನಯದ ಎಲ್ಲೆಯಲ್ಲಿ ನಿಲ್ಲುತ್ತಿರಲಿಲ್ಲವೆಂಬುದು ಬೇರೆ ಮಾತು. ಪ್ರಕೃತ ಗಮನಿಸಬೇಕಾದುದೇನೆಂದರೆ, ಅವರು ಯಾವ ಅಜ್ಞಾತ ಗುರುವನ್ನೂ, ಯಾವ ಗುಪ್ತಗ್ರಂಥವನ್ನೂ ಪ್ರಮಾಣವಾಗಿ ಮುಂದಿಡಲಿಲ್ಲ. ಪ್ರಮಾಣವಾಗಿ ಇದ್ದುದು ಅವರ ದೇಹ, ಅದರ ಛಾಯಾಚಿತ್ರ.

ಮೈಸೂರಿನ ಪ್ರಸಂಗವು ಇದಕ್ಕೆ ತೀರ ಭಿನ್ನವಾದುದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ಟಿ. ಕೃಷ್ಣಮಾಚಾರ್ಯರು ಶಾಸ್ತ್ರಗಳಲ್ಲಿ ಪಂಡಿತರು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು; ಅದು 1950ರ ವೇಳೆಗೆ ಮುಚ್ಚಿತು. ಅವರು ಬೋಧಿಸಿದ ಕ್ರಮದಲ್ಲಿ ಆಸನಗಳು ಬಿಡಿಬಿಡಿಯಾಗಿ ನಿಲ್ಲುವುದಿಲ್ಲ. ಅಭ್ಯಾಸಿಯು ಸಮಸ್ಥಿತಿಯಲ್ಲಿ ನಿಂತು, ಮುಂದಕ್ಕೆ ಬಾಗಿ, ಹಿಂದಕ್ಕೆ ಹಾರಿ, ಚತುರಂಗ ದಂಡಾಸನಕ್ಕೆ ಇಳಿದು, ಊರ್ಧ್ವಮುಖ ಅಧೋಮುಖ ಶ್ವಾನಾಸನಗಳನ್ನು ಹಾದು, ತೋಳುಗಳ ನಡುವೆ ಕಾಲುಗಳನ್ನು ತಂದು ಆಸನವನ್ನು ಹೊಂದಿ, ಮತ್ತೆ ಬಂದ ದಾರಿಯಲ್ಲಿಯೇ ಸಮಸ್ಥಿತಿಗೆ ಹಿಂದಿರುಗಬೇಕು. ಈ ಒಂದೊಂದು ಚಲನೆಗೂ ವಿನ್ಯಾಸವೆಂದು ಹೆಸರು. ಪ್ರತಿಯೊಂದಕ್ಕೂ ಸಂಖ್ಯೆಯುಂಟು, ಉಸಿರಿನ ನಿಯಮವುಂಟು. 1934ರ ಯೋಗಮಕರಂದವೂ 1941ರ ಯೋಗಾಸನಗಳು ಎಂಬ ಪುಸ್ತಕವೂ ಈ ಕ್ರಮವನ್ನು ಕನ್ನಡದಲ್ಲಿಯೇ ನಿರೂಪಿಸುತ್ತವೆ. ಎರಡನೆಯದರಲ್ಲಿ ಆರಂಭದವರು, ನಡುವಣವರು, ಪ್ರೌಢರು ಎಂದು ಮೂರು ತರಗತಿಗಳಾಗಿ ಆಸನಗಳನ್ನು ವಿಂಗಡಿಸಿ, ವಿನ್ಯಾಸಗಳ ಸಂಖ್ಯೆಯೊಡನೆ ಕೋಷ್ಟಕವನ್ನೂ ಕೊಟ್ಟಿದೆ.

ಈ ವಿದ್ಯೆಯು ಎಲ್ಲಿಂದ ಬಂದಿತೆಂಬುದಕ್ಕೆ ಆಚಾರ್ಯರೂ ಅವರ ಶಿಷ್ಯರೂ ಕೊಡುತ್ತಿದ್ದ ಉತ್ತರವು ಸುಪ್ರಸಿದ್ಧವಾದುದು. ಮಾನಸಸರೋವರದ ಬಳಿಯಲ್ಲಿದ್ದ ರಾಮಮೋಹನ ಬ್ರಹ್ಮಚಾರಿಗಳ ಸನ್ನಿಧಿಯಲ್ಲಿ ಏಳು ವರ್ಷಕ್ಕೂ ಮೀರಿ ಅಭ್ಯಾಸಮಾಡಿದರೆಂಬುದು ಒಂದು. ಯೋಗಕುರಂಟಿ ಅಥವಾ ಯೋಗಕುರುಂಟವೆಂಬ ಗ್ರಂಥವು ಈ ಕ್ರಮಕ್ಕೆ ಆಕರವೆಂಬುದು ಇನ್ನೊಂದು. ಪಟ್ಟಾಭಿ ಜೋಯಿಸರ ಶಿಷ್ಯವರ್ಗದಲ್ಲಿ ಪ್ರಚಲಿತವಾದ ಕಥೆಯಂತೆ ಆ ಗ್ರಂಥವು ಕಲ್ಕತ್ತೆಯಲ್ಲಿ ದೊರೆತು, ಆಮೇಲೆ ಇರುವೆಗಳ ಪಾಲಾಯಿತು. ಗುರುವನ್ನು ಇತರರಾರೂ ಕಂಡುದಕ್ಕೆ ಸ್ವತಂತ್ರವಾದ ಸಾಕ್ಷ್ಯವಿಲ್ಲ. ಗ್ರಂಥವು ಯಾರ ಕೈಗೂ ಸಿಕ್ಕಲಿಲ್ಲ. ವಿಮರ್ಶಕನಾದವನು ಇಂಥ ಆಧಾರವನ್ನು ಕಂಡು ಹುಬ್ಬೇರಿಸಿದರೆ ಅವನನ್ನು ದೂರುವಂತಿಲ್ಲ.

ಹುಬ್ಬೇರಿಸಿದವರಲ್ಲಿ ಮೊದಲಿಗರು ಎನ್. ಇ. ಸ್ಯೋಮನ್. 1996ರಲ್ಲಿ ಪ್ರಕಟವಾದ ಅವರ ಗ್ರಂಥವು ಮೈಸೂರು ಅರಮನೆಯ ಯೋಗಪರಂಪರೆಯನ್ನೇ ವಿಷಯವನ್ನಾಗಿ ಉಳ್ಳದು. ಶ್ರೀತತ್ತ್ವನಿಧಿಯ ಆಸನಭಾಗವನ್ನು ಬೆಳಕಿಗೆ ತಂದುದು ಅವರ ದೊಡ್ಡ ಉಪಕಾರ. ವ್ಯಾಯಾಮದೀಪಿಕೆಯನ್ನು ಯೋಗಶಾಲೆಯ ಕ್ರಮದೊಡನೆ ಹೋಲಿಸಿದುದು ಅದಕ್ಕಿಂತ ಮಹತ್ತ್ವದ್ದು. ಅರಮನೆಯ ವ್ಯಾಯಾಮಮಂದಿರವೇ ಕೃಷ್ಣಮಾಚಾರ್ಯರಿಗೆ ಬೋಧನಸ್ಥಾನವಾಗಿ ದೊರೆತುದನ್ನು ತೋರಿಸಿ, ಕೈಗಳನ್ನೂರಿ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಹಾರಿಸುವ ಚಲನೆ, ಗೋಡೆಯ ಮೇಲೆ ಕೈಗಳಿಂದ ನಡೆಯುತ್ತ ಹಿಂದಕ್ಕೆ ಬಾಗಿ ಇಳಿಯುವ ಕ್ರಮ ಮೊದಲಾದುವು ವ್ಯಾಯಾಮಗ್ರಂಥದಿಂದ ಯೋಗಶಾಲೆಗೆ ಬಂದುವೆಂದು ಅವರು ಅಭಿಪ್ರಾಯಪಟ್ಟರು. 2010ರಲ್ಲಿ ಮಾರ್ಕ್ ಸಿಂಗಲ್ಟನ್ ಅವರು ಈ ವಿಚಾರವನ್ನು ವಿಸ್ತರಿಸಿ, ಅಯ್ಯರ್ ಸುಂದರಂ ಮುಂತಾದವರನ್ನೂ ಯೂರೋಪಿನ ಅಂಗಸಾಧನೆಯ ಪ್ರಭಾವವನ್ನೂ ಒಂದೇ ಚಿತ್ರದಲ್ಲಿ ತಂದರು. ಅಯ್ಯರವರ ಶಿಷ್ಯರೊಬ್ಬರು ಜಗನ್ಮೋಹನ ಅರಮನೆಯಲ್ಲಿಯೇ ವ್ಯಾಯಾಮವನ್ನು ಕಲಿಸುತ್ತಿದ್ದರೆಂಬ ಸಂಗತಿಯು ಈ ಚಿತ್ರದಲ್ಲಿ ಬಹಳ ಬೆಲೆಯುಳ್ಳದು. ಬೆಂಗಳೂರಿನ ವ್ಯಾಯಾಮಶಾಲೆಗೂ ಮೈಸೂರಿನ ಯೋಗಶಾಲೆಗೂ ನಡುವೆ ಇದ್ದ ದೂರವು ಎಂಬತ್ತೈದು ಮೈಲಿಯಲ್ಲ, ಒಂದು ಮೊಗಸಾಲೆ ಎಂದರೂ ಸಲ್ಲುತ್ತದೆ.

ಇಷ್ಟರಿಂದ ಶಾಸ್ತ್ರಪರೀಕ್ಷೆ ಮುಗಿಯಿತೆಂದು ಹಲವರು ತಿಳಿದರು. ಮುಗಿದಿರಲಿಲ್ಲ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಲದಲ್ಲಿ ಹಠಾಭ್ಯಾಸಪದ್ಧತಿಯೆಂಬ ಅಸಮಗ್ರವಾದ ಸಂಸ್ಕೃತ ಹಸ್ತಪ್ರತಿಯುಂಟು. ಜೇಸನ್ ಬರ್ಚ್ ಅವರೂ ಸಿಂಗಲ್ಟನ್ ಅವರೂ ಕೂಡಿ 2019ರಲ್ಲಿ ಇದರ ವಿವರವಾದ ವಿಮರ್ಶೆಯನ್ನು ಪ್ರಕಟಿಸಿದರು. ಗ್ರಂಥದ ಕಾಲ 18ನೆಯ ಶತಮಾನವೆಂದು ಅವರ ನಿರ್ಣಯ. ಅದರಲ್ಲಿ 112 ಆಸನಗಳಿವೆ. ಅವು ಬೆನ್ನಮೇಲೆ ಮಲಗಿ, ಬೋರಲಾಗಿ, ನಿಂತು, ಹಗ್ಗವನ್ನು ಹಿಡಿದು, ಹೀಗೆ ವರ್ಗವರ್ಗವಾಗಿ ಏರ್ಪಟ್ಟಿವೆ. ಅವುಗಳಲ್ಲಿ ಮತ್ತೆ ಮತ್ತೆ ಚಲಿಸುತ್ತ ಮಾಡತಕ್ಕವೂ ಇವೆ. ಗಜಾಸನವೆಂಬುದು ಗರಡಿಯ ದಂಡೆಯನ್ನು ಬಲ್ಲವರಿಗೆ ಪರಿಚಿತವಾಗಿಯೇ ಕಾಣುವುದು. ಶ್ರೀತತ್ತ್ವನಿಧಿಯ ಆಸನಭಾಗವು ಈ ಗ್ರಂಥಕ್ಕೆ ಋಣಿಯಾಗಿರುವುದನ್ನೂ ಅವರು ತೋರಿಸಿದರು. ಗ್ರಂಥಕರ್ತನ ಹೆಸರು ಕಪಾಲಕುರಂಟಕ. ಕೋರಂಟಕನೆಂಬ ಸಿದ್ಧನ ಹೆಸರು ಹಠಪ್ರದೀಪಿಕೆಯ ಗುರುಪಟ್ಟಿಯಲ್ಲಿಯೂ ಬರುತ್ತದೆ. ಯೋಗಕುರಂಟಿಯೆಂದರೆ ಕುರಂಟಕನ ಯೋಗಗ್ರಂಥವೇ ಆಗಿರಬಹುದೇ ಎಂಬ ಪ್ರಶ್ನೆ ಇದರಿಂದ ತಾನಾಗಿಯೇ ಏಳುತ್ತದೆ. ಅದು ಸಿದ್ಧವಾಯಿತೆಂದು ಹೇಳುವುದು ಆತುರದ ಮಾತು. ಸಾಧ್ಯವೆನ್ನುವುದು ನ್ಯಾಯವಾದ ಮಾತು. ಹೇಗಾದರೂ ಎರಡು ವಿಷಯಗಳು ಸ್ಥಿರವಾದುವು. ಯೋಗಾಸನವೂ ಗರಡಿಯ ಸಾಧನೆಯೂ ಕಲೆತುದು 20ನೆಯ ಶತಮಾನದಲ್ಲಿ ಮೊದಲಬಾರಿಗಲ್ಲ, ಅದಕ್ಕೆ ಎಷ್ಟೋ ಹಿಂದೆಯೇ. ಅಳಿದುಹೋದ ಗ್ರಂಥದ ಕಥೆಯನ್ನು ಪೂರ್ಣವಾಗಿ ಕಟ್ಟುಕಥೆಯೆಂದು ತಳ್ಳಿದವರು ಅವಸರಪಟ್ಟರು. ಯೋಗಮಕರಂದದ ಆಕರಗ್ರಂಥಗಳ ಪಟ್ಟಿಯಲ್ಲಿ ಯೋಗಕುರಂಟಿಯೂ ಶ್ರೀತತ್ತ್ವನಿಧಿಯೂ ಎರಡೂ ಸೇರಿರುವುದನ್ನು ಕನ್ನಡದ ಮೂಲವನ್ನು ತೆರೆದು ನೋಡಿದವರು ಯಾರಾದರೂ ಕಾಣಬಹುದಾಗಿದ್ದಿತು.

ಇಂಥ ಪರಿಸ್ಥಿತಿಯು ಕನ್ನಡನಾಡಿಗೆ ಮಾತ್ರ ವಿಶಿಷ್ಟವಾದುದಲ್ಲ. ಚೀನಾದೇಶದ ತಾಯ್ ಚಿ ಎಂಬ ಅಂಗವಿದ್ಯೆಯನ್ನು ತೆಗೆದುಕೊಂಡರೆ ಸಾಮ್ಯವು ವಿಸ್ಮಯಕರವಾಗಿದೆ. ನಿಧಾನವಾದ ಚಲನೆ, ಉಸಿರಿನ ಹಿಡಿತ, ಯುದ್ಧಕಲೆ ಆರೋಗ್ಯಸಾಧನೆಗಳ ಮಿಶ್ರಣ ಇವು ಅದರ ಲಕ್ಷಣಗಳು. ಚೆನ್, ಯಾಂಗ್, ಸುನ್ ಮುಂತಾದ ಮನೆತನಗಳ ಹೆಸರಿನಲ್ಲಿ ಅದರ ಶಾಖೆಗಳಿವೆ. ಅವಲ್ಲದೆ ಯಾರೂ ಕೇಳದ ಹೆಸರಿನ ಶಾಖೆಗಳೂ ಆಗಾಗ ಕಾಣಿಸಿಕೊಂಡು, ಪ್ರತಿಯೊಂದೂ ಪರ್ವತದಿಂದಿಳಿದ ಯೋಗಿಯೊಬ್ಬನನ್ನು ಮೂಲಪುರುಷನೆಂದು ಹೇಳಿಕೊಳ್ಳುತ್ತದೆ. ವುಡಾಂಗ್ ಪರ್ವತದ ಜಾಂಗ್ ಸಾನ್‌ಫೆಂಗ್ ಎಂಬ ತಾವೋ ಸಿದ್ಧನು ಈ ವಿದ್ಯೆಯನ್ನು ಲೋಕಕ್ಕೆ ಕೊಟ್ಟನೆಂಬ ನಂಬಿಕೆಯು ಬಹಳ ಹರಡಿದ್ದಿತು. ಆ ಸಿದ್ಧನನ್ನು ಅಂತರಂಗದ ಮುಷ್ಟಿವಿದ್ಯೆಗೆ ಸೇರಿಸಿ ಹೇಳುವ ಹಳೆಯ ದಾಖಲೆಯಾದರೋ 1669ರ ಒಂದು ಸಮಾಧಿಲೇಖ. ಅದರಲ್ಲಿ ತಾಯ್ ಚಿಯ ಹೆಸರೇ ಇಲ್ಲ.

ಈ ವಿಷಯವನ್ನು ಶೋಧಿಸಿದ ತಾಂಗ್ ಹಾವ್ (1897–1959) ನ್ಯಾಯಶಾಸ್ತ್ರವನ್ನು ಓದಿದವನು, ತಾನೂ ಅಭ್ಯಾಸಿ. 1930ರ ಸುಮಾರಿನಲ್ಲಿ ಅವನು ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಗೆ ಹೋಗಿ, ವಂಶಾವಳಿಗಳನ್ನು ಪರಿಶೀಲಿಸಿ, 17ನೆಯ ಶತಮಾನದ ಚೆನ್ ವಾಂಗ್‌ತಿಂಗನೇ ಈ ವಿದ್ಯೆಯ ಪ್ರವರ್ತಕನೆಂದು ನಿರ್ಣಯಿಸಿದನು. ಮಿಂಗ್ ಕಾಲದ ಸೇನಾಪತಿಯಾದ ಚೀ ಜಿಗ್ವಾಂಗನು ತನ್ನ ಯುದ್ಧಗ್ರಂಥದಲ್ಲಿ ಆ ಕಾಲದ ಹಲವು ಸಂಪ್ರದಾಯಗಳಿಂದ ಆರಿಸಿ ಕೊಟ್ಟಿರುವ 32 ಭಂಗಿಗಳಲ್ಲಿ 29 ಭಂಗಿಗಳು ಚೆನ್ ಮನೆತನದ ಕ್ರಮದಲ್ಲಿ ಕಂಡುಬರುವುದನ್ನು ಎಣಿಸಿ ತೋರಿಸಿದುದು ಅವನ ವಾದದ ಬಲವಾದ ಭಾಗ. ಭಂಗಿಗಳನ್ನು ಭಂಗಿಗಳೊಡನೆ, ಗ್ರಂಥವನ್ನು ಗ್ರಂಥದೊಡನೆ ಹೋಲಿಸುವುದು ಅವನ ಮಾರ್ಗ. ಪಾಠಾಂತರಗಳನ್ನು ತೂಗುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಭೇದವಿಲ್ಲ. ಅವನ ನಿರ್ಣಯವನ್ನು ಒಪ್ಪದವರು ಇಂದಿಗೂ ಇದ್ದಾರೆ. ಆದರೂ ಅವನ ಶೋಧನೆಯಿಂದ ಯಾರೂ ತಾಯ್ ಚಿಯನ್ನು ಬಿಡಲಿಲ್ಲ. ಚೆನ್ ಹಳ್ಳಿಯಲ್ಲಿ ಕಲಿತು ಬಂದ ಯಾಂಗ್ ಲೂಚಾನನ ಮೊಮ್ಮಗನಾದ ಯಾಂಗ್ ಚೆಂಗ್‌ಫೂ (1883–1936) ಹಾರುವ ಒದೆಯುವ ಭಾಗಗಳನ್ನು ಮೃದುಮಾಡಿ, ವೃದ್ಧರೂ ರೋಗಿಗಳೂ ಮಾಡಬಹುದಾದ ಕ್ರಮವನ್ನು ಬೋಧಿಸಿದುದೇ ಅದರ ಪ್ರಸಾರಕ್ಕೆ ಕಾರಣವಾಯಿತು. ಅವನ ಬೋಧನೆಯ ಗುಣವು ಸಾನ್‌ಫೆಂಗನ ಅಸ್ತಿತ್ವವನ್ನು ಅವಲಂಬಿಸಿರಲಿಲ್ಲ.

ಈಗ ಮತ್ತೆ ಬೆಂಗಳೂರು ಮೈಸೂರುಗಳ ಆಚಾರ್ಯರಿಗೆ ಬರಬಹುದು. ಶಾಸ್ತ್ರದ ವಂಶಾವಳಿಯನ್ನು ಬದಿಗಿಟ್ಟು ಚರಕನ ಎರಡನೆಯ ಪಟ್ಟಿಯಿಂದ ಅಳೆದರೆ ಫಲವು ಬೇರೆಯಾಗುತ್ತದೆ.

ಅಯ್ಯರವರು ಪರಿದೃಷ್ಟಕರ್ಮರೂ ಜಿತಹಸ್ತರೂ ಉಪಕರಣವಂತರೂ ಹೌದು. ಅವರ ವ್ಯಾಯಾಮಶಾಲೆಯಲ್ಲಿ ಎದುರಿಗೆ ನಿಂತು ಕಲಿತವರಿಗೆ ಇದರಿಂದ ಲಾಭವಾಗಿರಬೇಕು. ಆದರೆ ಅಂಚೆಯ ಮೂಲಕ ನಡೆದ ಪಾಠದಲ್ಲಿ ಪ್ರಕೃತಿಜ್ಞತೆಯೆಂಬ ಲಕ್ಷಣಕ್ಕೆ ಸ್ಥಾನವೆಲ್ಲಿ? ದೂರದ ಊರಿನ ಶಿಷ್ಯನ ಬೆನ್ನೆಲುಬು ಹೇಗಿದೆಯೆಂದು ಕಾಗದದಿಂದ ತಿಳಿಯುವುದು ಕಷ್ಟ. ಸುಂದರಂ ಅವರ ಪುಸ್ತಕಕ್ಕೂ ಈ ಆಕ್ಷೇಪಣೆ ತಗಲುತ್ತದೆ. ಛಾಯಾಚಿತ್ರವು ಆಸನದ ಕೊನೆಯ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನು ತೋರಿಸುವುದಿಲ್ಲ. ಹೊಸ ಬಡಾವಣೆಯ ಗೃಹಸ್ಥನೊಬ್ಬನು ಆ ಚಿತ್ರವನ್ನು ಎದುರಿಗಿಟ್ಟುಕೊಂಡು ಶೀರ್ಷಾಸನ ಮಾಡಹೊರಟರೆ ಅವನನ್ನು ಹಿಡಿಯತಕ್ಕವರು ಯಾರು? ಇವರ ಪದ್ಧತಿಯು ಮಿಶ್ರವೆಂಬುದು ದೋಷವಲ್ಲ. ಆಚಾರ್ಯನಿಲ್ಲದೆ ಆಚಾರ್ಯಕವನ್ನು ಹಂಚಿದುದೇ ಇದರಲ್ಲಿರುವ ಕೊರತೆ.

ಈ ದೃಷ್ಟಿಯಿಂದ ನೋಡಿದರೆ ವಿನ್ಯಾಸಕ್ರಮವು ಬೋಧನೆಯ ಇತಿಹಾಸದಲ್ಲಿ ದೊಡ್ಡ ಹೆಜ್ಜೆ. ಛಾಯಾಚಿತ್ರವು ಬಿಟ್ಟ ದಾರಿಯನ್ನೇ ಅದು ಎಣಿಸಿ ಹೇಳುತ್ತದೆ: ಎಷ್ಟನೆಯ ಚಲನೆಯಲ್ಲಿ ಕಾಲೆಲ್ಲಿರಬೇಕು, ಯಾವಾಗ ರೇಚಕ, ಯಾವಾಗ ಪೂರಕ, ಆಸನವು ಎಷ್ಟನೆಯ ವಿನ್ಯಾಸದಲ್ಲಿ ಸಿದ್ಧಿಸುತ್ತದೆ. ಸಂಗೀತದಲ್ಲಿ ಸ್ವರಲಿಪಿಯು ಮಾಡುವ ಕೆಲಸವನ್ನು ಇಲ್ಲಿ ವಿನ್ಯಾಸಸಂಖ್ಯೆಯು ಮಾಡುತ್ತದೆ. ಈ ಚಲನೆಗಳಲ್ಲಿ ಕೆಲವು ಗರಡಿಯಿಂದ ಬಂದಿದ್ದರೆ ಬರಲಿ. ಗರಡಿಯ ದಂಡೆಯನ್ನು ಉಸಿರಿನ ಲೆಕ್ಕಕ್ಕೆ ಒಳಪಡಿಸಿ, ಒಂದು ಆಸನದಿಂದ ಮತ್ತೊಂದಕ್ಕೆ ಸೇತುವೆಯನ್ನಾಗಿ ಮಾಡಿದ ಬುದ್ಧಿಯು ಯಾರದು ಎಂಬುದೇ ಕೇಳತಕ್ಕ ಪ್ರಶ್ನೆ. ಆಕರವನ್ನು ತೋರಿಸಿದ ಮಾತ್ರಕ್ಕೆ ಕೃತಿಯ ಬೆಲೆ ಇಳಿಯುವುದಿಲ್ಲವೆಂಬುದನ್ನು ಪಂಪನನ್ನೂ ಕುಮಾರವ್ಯಾಸನನ್ನೂ ವ್ಯಾಸಭಾರತದೊಡನೆ ಹೋಲಿಸಿ ಪಾಠ ಹೇಳುವ ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ.

ಆದರೆ ಅದೇ ಪಟ್ಟಿಯಲ್ಲಿ ಅಕೋಪನತ್ವವೂ ಶಿಷ್ಯವಾತ್ಸಲ್ಯವೂ ಉಂಟು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯವನ್ನು ಬೆಂಗಳೂರಿನಲ್ಲಿ ಕಳೆದು, 1934ರಲ್ಲಿ ಮೈಸೂರಿಗೆ ಹೋಗಿ ಕೃಷ್ಣಮಾಚಾರ್ಯರ ಬಳಿ ಸೇರಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಆಚಾರ್ಯರ ಮೈದುನರೂ ಆಗಿದ್ದರು. ಗುರುಗಳ ಮೇಲಿನ ಭಕ್ತಿಯನ್ನು ಕೊನೆಯವರೆಗೂ ಬಿಡದಿದ್ದ ಅವರೇ, ಗುರುಗಳ ಕಾಠಿನ್ಯವನ್ನು ಹಲವು ಕಡೆ ಹೇಳಿಕೊಂಡಿದ್ದಾರೆ. ಮುನ್ನಭ್ಯಾಸವಿಲ್ಲದ ಹನುಮಾನಾಸನವನ್ನು ಗುರುವಿನ ಆಜ್ಞೆಯಂತೆ ಸಭೆಯಲ್ಲಿ ಮಾಡಿ, ತೊಡೆಯ ಹಿಂಭಾಗದ ಸ್ನಾಯುಗಳು ಹರಿದು ಬಹುಕಾಲ ನೋವನ್ನನುಭವಿಸಿದುದನ್ನು ಅವರು ಬಚ್ಚಿಡಲಿಲ್ಲ. ಪರೀಕ್ಷೆಯಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಪರೀಕ್ಷೆಯೇ ಅಲ್ಲ. ಹರಿದ ಸ್ನಾಯುವಿಗೆ ಮಾನಸಸರೋವರದ ಪರಂಪರೆಯು ನಿಜವಾದರೂ ಸಮಾಧಾನವಿಲ್ಲ, ಸುಳ್ಳಾದರೂ ಸಮಾಧಾನವಿಲ್ಲ. ಪ್ರದರ್ಶನದಿಂದ ಜನರನ್ನು ಸೆಳೆಯಬೇಕಾಗಿದ್ದ ಆ ಕಾಲದ ಒತ್ತಡವನ್ನು ನೆನೆದು ಆಚಾರ್ಯರ ಪರವಾಗಿ ಒಂದು ಮಾತು ಆಡಬಹುದು. ಅರಮನೆಯು ಕೊಟ್ಟ ಆಶ್ರಯವು ಪ್ರಚಾರಕಾರ್ಯವನ್ನೂ ಅಪೇಕ್ಷಿಸುತ್ತಿದ್ದಿತು. ಮುಂದೆ ಮದರಾಸಿನಲ್ಲಿ ನೆಲೆಸಿದ ಮೇಲೆ ಒಬ್ಬೊಬ್ಬರ ದೇಹಸ್ಥಿತಿಯನ್ನು ನೋಡಿ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಕಲಿಸಿದ ಕೃಷ್ಣಮಾಚಾರ್ಯರು ಮೈಸೂರಿನ ಕೃಷ್ಣಮಾಚಾರ್ಯರಿಗಿಂತ ಚರಕನ ಆಚಾರ್ಯನಿಗೆ ಹತ್ತಿರವಾಗಿದ್ದರೆಂದು ಹೇಳಬಹುದು. ಅವರು 1989ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು.

ಶಿಷ್ಯರಿಂದ ಗುರುವನ್ನು ಅಳೆಯಹೊರಟರೂ ಒಂದು ತೊಡಕು ಎದುರಾಗುತ್ತದೆ. ಪಟ್ಟಾಭಿ ಜೋಯಿಸರು (1915–2009) ಮೈಸೂರಿನಲ್ಲಿಯೇ ಉಳಿದು, 1962ರಲ್ಲಿ ಅಚ್ಚಾದ ಯೋಗಮಾಲವನ್ನು ಕನ್ನಡದಲ್ಲಿ ಬರೆದು, ಆಸನಗಳ ಅನುಕ್ರಮವು ಎಲ್ಲರಿಗೂ ಒಂದೇ ಎಂದು ಬೋಧಿಸಿದರು. ಅಯ್ಯಂಗಾರ್ಯರು ಪುಣೆಯಲ್ಲಿ ಹಾರುವ ಚಲನೆಗಳನ್ನು ಹಿಂದಕ್ಕೆ ಸರಿಸಿ, ಹಗ್ಗ, ಮರದ ತುಂಡು, ದಿಂಬುಗಳ ಆಸರೆಯಿಂದ ಪ್ರತಿಯೊಂದು ಭಂಗಿಯ ನೇರವನ್ನು ಶೋಧಿಸಿದರು. ಮಗನಾದ ಟಿ. ಕೆ. ವಿ. ದೇಶಿಕಾಚಾರ್ಯರು (1938–2016) ಅಭ್ಯಾಸಿಗೆ ತಕ್ಕಂತೆ ಅಭ್ಯಾಸವನ್ನು ಮಾರ್ಪಡಿಸುವುದೇ ತಂದೆಯ ಉಪದೇಶದ ಸಾರವೆಂದರು. ಮೂವರೂ ಒಬ್ಬನೇ ಗುರುವನ್ನು ಹೆಸರಿಸುತ್ತಾರೆ. ಮೂವರ ಶಾಲೆಗಳನ್ನು ಹೊಕ್ಕವನಿಗೆ ಒಂದೇ ವಿದ್ಯೆಯೆಂದು ಗುರುತು ಸಿಕ್ಕುವುದು ಕಷ್ಟ. ಕನ್ನಡದ 1941ರ ಕೋಷ್ಟಕವನ್ನು ಬಿಡಿಸಿಟ್ಟುಕೊಂಡರೆ ಜೋಯಿಸರ ಅನುಕ್ರಮವು ಅದಕ್ಕೆ ಎಲ್ಲಿ ಸಮೀಪವಾಗಿದೆ, ಎಲ್ಲಿ ಅಗಲುತ್ತದೆ ಎಂಬುದನ್ನು ಸಾಲುಸಾಲಾಗಿ ಗುರುತಿಸಬಹುದು. ಅದರ ಪಕ್ಕದಲ್ಲಿ 1896ರ ವ್ಯಾಯಾಮದೀಪಿಕೆಯನ್ನೂ, ಮುಮ್ಮಡಿಯವರ ಚಿತ್ರಗಳನ್ನೂ, ಪುಣೆಯ ಹಸ್ತಪ್ರತಿಯನ್ನೂ ಇಟ್ಟು ಚೆನ್ ಹಳ್ಳಿಯ 29 ಭಂಗಿಗಳಂತೆ ಒಂದೊಂದನ್ನೂ ಎಣಿಸುವ ಕೆಲಸವು ಕನ್ನಡ ಸಂಸ್ಕೃತಗಳೆರಡನ್ನೂ ಬಲ್ಲವರಿಗೆ ಮಾತ್ರ ಸಾಧ್ಯವಾದುದು. ಅದಕ್ಕೆ ಮೊದಲು ಆಗಬೇಕಾದುದು ವ್ಯಾಯಾಮದೀಪಿಕೆಯ ಶುದ್ಧವಾದ ಸಚಿತ್ರ ಮುದ್ರಣ.